ಕಾಲು ಮಾತ್ರೆಯ ಲೆಕ್ಕ

ದೊಡ್ಡವರ ಮಾತ್ರೆಯನ್ನು ಎರಡು ತುಂಡು ಮಾಡಿ, ಬೇಕಾದರೆ ಆ ತುಂಡನ್ನೂ ಮುರಿದು, ಚಮಚದಲ್ಲಿ ಪುಡಿ ಮಾಡಿ, ಎದೆಹಾಲಿನಲ್ಲೋ ಸಕ್ಕರೆ ನೀರಿನಲ್ಲೋ ಕಲಸಿ ಮಗುವಿಗೆ ಕುಡಿಸುವುದು ನಮ್ಮಲ್ಲಿ ಹೊಸದೇನಲ್ಲ. ಮನೆಗಳಲ್ಲಷ್ಟೇ ಅಲ್ಲ, ಆಸ್ಪತ್ರೆಗಳಲ್ಲೂ ಬಹುಕಾಲ ಹೀಗೇ ನಡೆದಿದೆ. 60 ಕಿಲೋ ತೂಗುವವರಿಗೆ ಒಂದು ಮಾತ್ರೆಯಾದರೆ 15 ಕಿಲೋ ತೂಗುವ ಮಗುವಿಗೆ ಕಾಲು ಮಾತ್ರೆ ಎಂಬ ಈ ತ್ರೈರಾಶಿ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಮಗುವಿನ ದೇಹ ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಆಗತಾನೇ ಹುಟ್ಟಿದ ಮಗುವಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದರ ಲಿವರ್ ಮತ್ತು ಮೂತ್ರಪಿಂಡಗಳು ಔಷಧವನ್ನು ಒಡೆದು ಹೊರಹಾಕುವಷ್ಟು ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಒಳಗೆ ಹೋದ ಔಷಧ ನಿರೀಕ್ಷೆಗಿಂತ ಹೆಚ್ಚು ಹೊತ್ತು ಮೈಯಲ್ಲೇ ಉಳಿಯುತ್ತದೆ. ಅದೇ ಮಗು ನಡೆದಾಡಿ ಓಡುವ ವಯಸ್ಸಿಗೆ ಬಂದಾಗ ಲೆಕ್ಕ ತಿರುವುಮುರುವಾಗುತ್ತದೆ. ಎಷ್ಟೋ ಔಷಧಗಳನ್ನು ಆಗ ಅದರ ದೇಹ ಕಿಲೋ ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ. ಫಿಟ್ಸ್‌ಗೆ ಕೊಡುವ ಗಾಬಾಪೆಂಟಿನ್ ಎಂಬ ಔಷಧ 5 ವರ್ಷದೊಳಗಿನ ಮಕ್ಕಳಿಗೆ ತೂಕದ ಪ್ರಮಾಣಕ್ಕಿಂತ ಹೆಚ್ಚೇ ಬೇಕಾಗುತ್ತದೆ ಎಂದು ಗೊತ್ತಾದದ್ದು ಅದನ್ನು ಮಕ್ಕಳಲ್ಲೇ ಪರೀಕ್ಷಿಸಿ ನೋಡಿದ ಮೇಲೆ. ಅಂದರೆ ಕಾಲು ಮಾತ್ರೆ ಒಂದು ಮಗುವಿಗೆ ವಿಷವಾಗಬಹುದು, ಇನ್ನೊಂದಕ್ಕೆ ಏನೂ ಸಾಲದೆ ಹೋಗಬಹುದು.

ಮಕ್ಕಳ ಮೇಲೆ ವೈದ್ಯಕೀಯ ಪ್ರಯೋಗ ಎಂದ ಕೂಡಲೇ ನಮಗೆ ಮೈ ಜುಮ್ಮೆನ್ನುತ್ತದೆ. ಆ ಅಳುಕಿಗೆ ಕಾರಣಗಳಿವೆ, ಅವುಗಳ ಮಾತು ಮುಂದೆ ಬರುತ್ತದೆ. ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಮಕ್ಕಳ ಮೇಲೆ ಪ್ರಯೋಗವೇ ಬೇಡ ಎಂದು ನಾವು ತೀರ್ಮಾನಿಸಿದರೂ ಪ್ರಯೋಗ ನಿಲ್ಲುವುದಿಲ್ಲ. ಪರೀಕ್ಷೆಯಾಗದ ಔಷಧವನ್ನು ವೈದ್ಯರು ಅಂದಾಜಿನ ಮೇಲೆ ಕೊಡುತ್ತಲೇ ಇರುತ್ತಾರೆ, ಮಗು ನುಂಗುತ್ತಲೇ ಇರುತ್ತದೆ. ಅಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಕೇಳುವವರಿಲ್ಲ, ಆದದ್ದನ್ನು ಬರೆದಿಡುವವರಿಲ್ಲ, ಅಪಾಯ ಕಂಡಾಗ ನಿಲ್ಲಿಸಿ ಎನ್ನುವವರೂ ಇಲ್ಲ. ಮಕ್ಕಳ ವೈದ್ಯಶಾಸ್ತ್ರ ಕಳೆದ ಎಪ್ಪತ್ತು ವರ್ಷಗಳಲ್ಲಿ ಕಲಿತ ಅತಿ ದುಬಾರಿ ಪಾಠಗಳೆಲ್ಲ ಈ ಎರಡನೆಯ ಬಗೆಯ ಪ್ರಯೋಗದಿಂದಲೇ ಬಂದಿವೆ.

1950ರ ದಶಕದ ಅಮೆರಿಕದಲ್ಲಿ ಕ್ಲೋರಾಂಫೆನಿಕಾಲ್ ಬಹು ನೆಚ್ಚಿನ ಆಂಟಿಬಯೋಟಿಕ್. ತಾಯಿಯ ನೀರಿನ ಚೀಲ ಹೆರಿಗೆಗೆ ಬಹಳ ಮುಂಚೆಯೇ ಒಡೆದಿದ್ದರೆ, ದಿನ ತುಂಬದೆ ಹುಟ್ಟಿದ ಆ ಮಗುವಿಗೆ ನಂಜು ತಗಲದಿರಲಿ ಎಂದು ಮುಂಜಾಗ್ರತೆಯಾಗಿ ಅದನ್ನು ಕೊಡುತ್ತಿದ್ದರು. ಲಾಸ್ ಏಂಜಲೀಸ್‌ನ ವೈದ್ಯರು ಇಂಥ ಶಿಶುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಯಾವ ಆಂಟಿಬಯೋಟಿಕ್ಕೂ ಇಲ್ಲ, ಒಂದಕ್ಕೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್, ಒಂದಕ್ಕೆ ಕ್ಲೋರಾಂಫೆನಿಕಾಲ್, ಕೊನೆಯದಕ್ಕೆ ಮೂರೂ. 1959ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕ್ಲೋರಾಂಫೆನಿಕಾಲ್ ಪಡೆದ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಶಿಶುಗಳು ಸತ್ತಿದ್ದವು. ಅದನ್ನು ಪಡೆಯದ ಗುಂಪುಗಳಲ್ಲಿ ಐದರಲ್ಲಿ ಒಂದು ಪಾಲು. ನವಜಾತ ಶಿಶುವಿನ ಲಿವರ್‌ಗೆ ಈ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವ ಸಾಕಷ್ಟಿರುವುದಿಲ್ಲ. ಔಷಧ ರಕ್ತದಲ್ಲಿ ಶೇಖರವಾಗಿ ಹೊಟ್ಟೆ ಉಬ್ಬುತ್ತದೆ, ರಕ್ತದೊತ್ತಡ ಬೀಳುತ್ತದೆ, ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೋಲಿಸಿ ನೋಡುವ ತನಕ ಈ ಸಾವುಗಳು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲವೇಕೆ ಎಂಬುದೇ ಇಲ್ಲಿ ಮುಖ್ಯ. ದಿನ ತುಂಬದ ಮಕ್ಕಳು ಹೇಗೂ ಸಾಯುತ್ತಿದ್ದವು. ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ರೋಗದಿಂದ ಸತ್ತ ಮಗು ಯಾವುದು, ಮದ್ದಿನಿಂದ ಸತ್ತ ಮಗು ಯಾವುದು ಎಂದು ಬೇರ್ಪಡಿಸುವ ಕಣ್ಣು ಇರಲು ಸಾಧ್ಯವೇ ಇಲ್ಲ. ಮದ್ದು ಕೊಡದ ಗುಂಪೊಂದು ಪಕ್ಕದಲ್ಲಿದ್ದರೆ ಮಾತ್ರ ಆ ವ್ಯತ್ಯಾಸ ಕಾಣುತ್ತದೆ.

ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದೂ ಇದೇ ಕಾರಣಕ್ಕೆ. ವೈದ್ಯರೇ ಆರಿಸಿದರೆ ಅವರಿಗರಿವಿಲ್ಲದೆಯೇ ತೀರಾ ಸೊರಗಿದ ಮಕ್ಕಳು ಒಂದು ಕಡೆ ಸೇರಿಬಿಡುತ್ತಾರೆ, ಆಮೇಲೆ ಬರುವ ಅಂಕಿಗಳಿಗೆ ಅರ್ಥವಿರುವುದಿಲ್ಲ. ಚಿಕಿತ್ಸೆಯ ಮೇಲೆ ವೈದ್ಯರು, ನರ್ಸ್‌ಗಳು ಇಡುವ ನಂಬಿಕೆ ಎಷ್ಟು ಬಲವಾದದ್ದು ಎಂಬುದಕ್ಕೆ ಆಮ್ಲಜನಕದ ಕತೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1940ರ ದಶಕದಿಂದ ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಕೊಡುವುದು ಒಳ್ಳೆಯ ಆಸ್ಪತ್ರೆಯ ಲಕ್ಷಣವಾಗಿತ್ತು. ಅದೇ ಕಾಲಕ್ಕೆ, ಅಂಥದೇ ಒಳ್ಳೆಯ ಆಸ್ಪತ್ರೆಗಳಲ್ಲಿ, ಬದುಕಿ ಉಳಿದ ಮಕ್ಕಳು ಕುರುಡಾಗತೊಡಗಿದರು. ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರು ಎಂಬ ಅಂದಾಜಿದೆ. 1950ರಲ್ಲಿ ದಿನ ತುಂಬುವ ಮುಂಚೆ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ಆಮ್ಲಜನಕದ ಮೇಲೆ ಗುಮಾನಿಪಟ್ಟು ವಾಷಿಂಗ್ಟನ್‌ನ ಆಸ್ಪತ್ರೆಯೊಂದರಲ್ಲಿ ಆರ್ನಲ್ ಪಾಟ್ಜ್ ಮತ್ತು ಸಂಗಡಿಗರು ಹೋಲಿಕೆಗೆ ಕೈಹಾಕಿದಾಗ, ಕಡಿಮೆ ಆಕ್ಸಿಜನ್ ಗುಂಪಿನ ಮಕ್ಕಳ ಕಷ್ಟ ನೋಡಲಾರದೆ ಕೆಲವು ನರ್ಸ್‌ಗಳು ರಾತ್ರಿ ಹೊತ್ತು ಆಕ್ಸಿಜನ್ ಏರಿಸುತ್ತಿದ್ದರು. ಅವರದು ಅಪ್ಪಟ ಕರುಣೆ. ಆದರೆ 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗ, ಆ ಧಾರಾಳ ಆಕ್ಸಿಜನ್ನೇ ಕಣ್ಣಿನ ರೆಟಿನಾದಲ್ಲಿ ಬೆಳೆಯುತ್ತಿದ್ದ ಎಳೆ ರಕ್ತನಾಳಗಳನ್ನು ಕೆಡಿಸುತ್ತಿತ್ತು ಎಂದು ತೋರಿಸಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಕಣ್ಣು ಉಳಿಸುವ ಭರದಲ್ಲಿ ಎಲ್ಲೆಡೆ ಆಕ್ಸಿಜನ್ ತೀರಾ ಕಡಿಮೆ ಮಾಡಿದರು. ಎಷ್ಟು ಕಡಿಮೆ ಮಾಡಿದರೆ ಜೀವಕ್ಕೆ ಅಪಾಯ ಎಂದು ಯಾರೂ ಅಳೆದಿರಲಿಲ್ಲ. ಒಂದು ಮಗುವಿನ ಕಣ್ಣು ಉಳಿಸಲು ಸುಮಾರು 16 ಮಕ್ಕಳ ಜೀವ ಹೋಗಿರಬಹುದು ಎಂದು ಬ್ರಿಟನ್ನಿನ ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿದರು. ಸರಿಯಾದ ಮಟ್ಟ ಹುಡುಕುವ ದೊಡ್ಡ ಪ್ರಯೋಗಗಳು ಬರಲು ಇನ್ನೂ ಮೂರು ದಶಕಗಳೇ ಬೇಕಾದವು. 2010ರಲ್ಲಿ ಪ್ರಕಟವಾದ ಸಪೋರ್ಟ್ ಎಂಬ ಅಮೆರಿಕದ ಅಧ್ಯಯನದಲ್ಲಿ ರಕ್ತದ ಆಮ್ಲಜನಕವನ್ನು ಶೇ 85–89ರ ನಡುವೆ ಇಟ್ಟ ಮಕ್ಕಳಲ್ಲಿ ಶೇ 19.9ರಷ್ಟು ಸತ್ತರು, ಶೇ 91–95ರ ನಡುವೆ ಇಟ್ಟವರಲ್ಲಿ ಶೇ 16.2. ಬದುಕುಳಿದವರಲ್ಲಿ ತೀವ್ರ ಕಣ್ಣಿನ ತೊಂದರೆ ಮೊದಲ ಗುಂಪಿನಲ್ಲಿ ಶೇ 8.6, ಎರಡನೆಯದರಲ್ಲಿ ಶೇ 17.9. ಈ ಅಂಕಿಗಳಿಲ್ಲದೆ ನವಜಾತ ಶಿಶುಗಳ ಇಂದಿನ ಯಾವ ತೀವ್ರ ನಿಗಾ ಘಟಕವೂ (ಎನ್‌ಐಸಿಯು) ತನ್ನ ಮಾನಿಟರ್‌ನ ಅಲಾರಂ ಎಲ್ಲಿಗೆ ಹೊಂದಿಸಬೇಕು ಎಂದು ಖಚಿತವಾಗಿ ಹೇಳಲಾರದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಸಣ್ಣ ತೂಕದ ಶಿಶುಗಳು ಉಳಿಯುತ್ತಿವೆ. ಅವುಗಳ ಕಣ್ಣು ಪರೀಕ್ಷಿಸಲೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಕ್ಯಾಮೆರಾ ಹೊತ್ತು ಊರೂರಿಗೆ ಹೋಗುವ ಕಿಡ್‌ರಾಪ್ ಕಾರ್ಯಕ್ರಮ ನಡೆಸುತ್ತಿದೆ. ಆಕ್ಸಿಜನ್ ಪ್ರಮಾಣದ ಪ್ರಶ್ನೆ ನಮ್ಮ ಮಕ್ಕಳದೂ ಹೌದು.

ಕಣ್ಣೆದುರೇ ಗುಣವಾದಂತೆ ಕಂಡ ಮಗುವಿಗೂ ಚಿಕಿತ್ಸೆಯಿಂದ ಕೇಡಾಗಿರಬಹುದು ಎಂಬ ಕಹಿ ಸತ್ಯವನ್ನು ಆಫ್ರಿಕಾದ ಫೀಸ್ಟ್ ಪ್ರಯೋಗ ತೋರಿಸಿತು. ವಿಪರೀತ ಜ್ವರದಿಂದ ಕೈಕಾಲು ತಣ್ಣಗಾಗಿ, ರಕ್ತಸಂಚಾರ ಕುಸಿದ ಮಕ್ಕಳಿಗೆ ನರದ ಮೂಲಕ ರಭಸವಾಗಿ ದ್ರವ ಏರಿಸುವುದು ಜಗತ್ತಿನ ಬಹುತೇಕ ಪಠ್ಯಪುಸ್ತಕಗಳ ಸಲಹೆಯಾಗಿತ್ತು. ಕೀನ್ಯಾ, ಉಗಾಂಡ, ಟಾಂಜಾನಿಯಾಗಳ 3,141 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ರಭಸದ ಡ್ರಿಪ್ ಪಡೆದ ಎರಡು ಗುಂಪುಗಳಲ್ಲಿ 48 ಗಂಟೆಯೊಳಗೆ ಸತ್ತವರು ಶೇ 10.6 ಮತ್ತು 10.5, ನಿಧಾನವಾಗಿ ಮಾತ್ರ ದ್ರವ ಪಡೆದವರಲ್ಲಿ ಶೇ 7.3. ಡ್ರಿಪ್ ಏರಿಸಿದ ಮೊದಲ ಗಂಟೆಯಲ್ಲಿ ಮಕ್ಕಳು ಚೇತರಿಸಿಕೊಂಡಂತೆಯೇ ಕಾಣುತ್ತಿದ್ದರು. ಸಾವು ಬಂದದ್ದು ಆಮೇಲೆ. ಪ್ರಯೋಗದ ಅಂಕಿಗಳನ್ನು ಹೊರಗಿನಿಂದ ಕಾಯುತ್ತಿದ್ದ ಸಮಿತಿ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿತು, 2011ರಲ್ಲಿ ಫಲಿತಾಂಶ ಹೊರಬಂತು. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡ ಮಕ್ಕಳು ಈ ಅಧ್ಯಯನದಲ್ಲಿ ಇರಲಿಲ್ಲ. ಅವರಿಗೆ ಒಆರ್‌ಎಸ್, ಅಗತ್ಯವಿದ್ದಾಗ ಡ್ರಿಪ್, ಇಂದಿಗೂ ಜೀವ ಉಳಿಸುವ ಚಿಕಿತ್ಸೆಯೇ. ಇದನ್ನು ಓದಿದವರು ಆ ವಿಷಯದಲ್ಲಿ ಗೊಂದಲಪಡಬಾರದು.

ಶ್ರೀಮಂತ ದೇಶಗಳು ಪರೀಕ್ಷಿಸಿಕೊಳ್ಳಲಿ, ಫಲಿತಾಂಶವನ್ನು ನಾವು ಪಡೆದುಕೊಂಡರಾಯಿತು ಎಂದು ಹೇಳುವವರಿದ್ದಾರೆ. ಅವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿ, ಹುಟ್ಟಿದ ಕೂಡಲೇ ಅಳದ ಮಗುವಿನ ಮಿದುಳಿಗೆ ಪೆಟ್ಟಾಗಿರುತ್ತದೆ. ಅಂಥ ಮಗುವಿನ ಮೈಯನ್ನು 72 ಗಂಟೆಗಳ ಕಾಲ ಸುಮಾರು 33.5 ಡಿಗ್ರಿಗೆ ತಂಪಾಗಿಸಿಟ್ಟರೆ ಸಾವೂ ಅಂಗವೈಕಲ್ಯವೂ ಕಡಿಮೆಯಾಗುತ್ತವೆ ಎಂದು 2005ರಿಂದ ಪಶ್ಚಿಮದ ಪ್ರಯೋಗಗಳು ತೋರಿಸಿದ್ದವು. ಅಲ್ಲಿ ಅದು ಸಿದ್ಧ ಚಿಕಿತ್ಸೆಯಾಯಿತು, ಭಾರತದ ಹಲವು ಆಸ್ಪತ್ರೆಗಳೂ ಅದನ್ನು ಅಳವಡಿಸಿಕೊಂಡವು. ಮಂಜುಗಡ್ಡೆಯ ಚೀಲದಿಂದಲೂ ತಂಪಾಗಿಸಬಹುದಾದ್ದರಿಂದ ಬಡ ದೇಶಗಳಿಗೆ ಹೇಳಿ ಮಾಡಿಸಿದ ಚಿಕಿತ್ಸೆಯೆಂದೇ ಅನೇಕರು ಭಾವಿಸಿದ್ದರು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಎನ್‌ಐಸಿಯುಗಳು ಹೀಲಿಕ್ಸ್ ಎಂಬ ಹೆಸರಿನಲ್ಲಿ 408 ಶಿಶುಗಳಲ್ಲಿ ಇದನ್ನು ಹೋಲಿಸಿ ನೋಡಿದವು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಪಾಗಿಸಿದ ಶಿಶುಗಳಲ್ಲಿ ಶೇ 42ರಷ್ಟು ಸತ್ತವು, ಮಾಮೂಲಿ ಆರೈಕೆ ಪಡೆದವುಗಳಲ್ಲಿ ಶೇ 31. ಇಲ್ಲಿನ ಶಿಶುಗಳ ಮಿದುಳಿಗೆ ಪೆಟ್ಟು ಬೀಳುವ ಹೊತ್ತೂ ಬಗೆಯೂ ಬೇರೆಯೇ ಇರಬಹುದು ಎಂಬುದು ಸಂಶೋಧಕರು ಕೊಟ್ಟ ವಿವರಣೆಗಳಲ್ಲೊಂದು. ಚೆನ್ನಾಗಿ ಸಜ್ಜಾದ ಕೇಂದ್ರಗಳಿಗೆ ಇದು ಅನ್ವಯಿಸುವುದೇ ಎಂಬ ಚರ್ಚೆ ನಮ್ಮ ನವಜಾತ ಶಿಶು ತಜ್ಞರಲ್ಲಿ ಇನ್ನೂ ನಡೆದಿದೆ. ಆದರೆ ಇನ್ನೊಂದು ನಾಡಿನ ಶಿಶುಗಳನ್ನು ಉಳಿಸಿದ ಚಿಕಿತ್ಸೆ ನಮ್ಮ ಶಿಶುಗಳನ್ನೂ ಉಳಿಸೀತು ಎಂಬ ಭರವಸೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಂತೂ ಆ ಅಂಕಿಗಳಿಂದ ಸಾಬೀತಾಗಿದೆ. ಈ ಪ್ರಯೋಗ ನಡೆಯದೇ ಇದ್ದಿದ್ದರೆ ತಂಪಾಗಿಸುವ ಸಾಧನಗಳು ಜಿಲ್ಲಾಸ್ಪತ್ರೆಗಳಿಗೂ ಸಾಲುಸಾಲಾಗಿ ಬಂದಿರುತ್ತಿದ್ದವು, ಸತ್ತ ಪ್ರತಿ ಮಗುವಿನ ಸಾವಿಗೂ ಉಸಿರು ಕಟ್ಟಿದ್ದೇ ಕಾರಣ ಎಂದು ಬರೆಯುತ್ತಿದ್ದೆವು.

ಈಗ ಆಕ್ಷೇಪಗಳಿಗೆ ಬರೋಣ. ಮಗು ತಾನೇ ಒಪ್ಪಿಗೆ ಕೊಡಲಾರದು. ಅದರ ಮೈಯನ್ನು ಇತರರ ಅರಿವಿಗಾಗಿ ಬಳಸುವ ಹಕ್ಕು ಯಾರಿಗಿದೆ? ಈ ಪ್ರಶ್ನೆಯ ಹಿಂದೆ ನಿಜವಾದ ಅನ್ಯಾಯಗಳ ಸಾಲೇ ಇದೆ. ನ್ಯೂಯಾರ್ಕ್‌ನ ವಿಲೋಬ್ರೂಕ್ ಶಾಲೆಯಲ್ಲಿ 1950ರ ದಶಕದಿಂದ ಬುದ್ಧಿಮಾಂದ್ಯ ಮಕ್ಕಳಿಗೆ ಬೇಕೆಂದೇ ಕಾಮಾಲೆಯ ವೈರಸ್ ಕೊಟ್ಟು ಅಧ್ಯಯನ ಮಾಡಿದರು. ನೈಜೀರಿಯಾದ ಕಾನೋದಲ್ಲಿ 1996ರ ಮೆದುಳು ಜ್ವರದ ಹಾವಳಿಯ ನಡುವೆ ಫೈಜರ್ ಕಂಪನಿ 200 ಮಕ್ಕಳಲ್ಲಿ ತನ್ನ ಹೊಸ ಔಷಧವನ್ನು ಪರೀಕ್ಷಿಸಿತು. ಪೋಷಕರಿಗೆ ಸರಿಯಾಗಿ ತಿಳಿಸಿಯೇ ಇರಲಿಲ್ಲ ಎಂಬ ಆರೋಪ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹರಿದಾಡಿ, 2009ರಲ್ಲಿ ಕಾನೋ ರಾಜ್ಯದೊಂದಿಗೆ 7.5 ಕೋಟಿ ಡಾಲರ್‌ನ ಒಪ್ಪಂದವಾಯಿತು. ನಮ್ಮಲ್ಲೇ, 2009–10ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಅಧ್ಯಯನದಲ್ಲಿ, ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಏಳು ಹುಡುಗಿಯರು ಸತ್ತರು. ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ತನಿಖೆ ಹೇಳಿತು. ಒಪ್ಪಿಗೆಯ ವಿಷಯದಲ್ಲಿ ಆದ ತಪ್ಪು ಅದರಿಂದ ಅಳಿಯುವುದಿಲ್ಲ. ಬುಡಕಟ್ಟು ಕುಟುಂಬದ ತಂದೆತಾಯಿಗೆ ಒಂದು ಮಾತು ಕೇಳದೆ ಅವರ ಮಗಳ ತೋಳಿಗೆ ಸೂಜಿ ಚುಚ್ಚುವುದು, ಲಸಿಕೆ ಅಮೃತವೇ ಆಗಿದ್ದರೂ, ಅಪಚಾರವೇ.

ಆದರೆ ಈ ಮೂರೂ ಕಡೆ ಕೆಟ್ಟದ್ದು ಯಾವುದು? ಮುಚ್ಚಿಟ್ಟದ್ದು, ಕೇಳದೇ ಇದ್ದದ್ದು, ತಮ್ಮ ಪರವಾಗಿ ಮಾತಾಡುವವರಿಲ್ಲದ ಮಕ್ಕಳನ್ನೇ ಆರಿಸಿದ್ದು. ಹೋಲಿಸಿ ನೋಡುವ ಕ್ರಮವನ್ನೇ ಕೈಬಿಟ್ಟರೆ ಇದಕ್ಕೆ ಪರಿಹಾರ ಸಿಗುವುದಿಲ್ಲ. ಖಮ್ಮಂನ ಗಲಾಟೆಯ ಪರಿಣಾಮವಾಗಿ 2010ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಎಚ್‌ಪಿವಿ ಲಸಿಕೆ ಅಧ್ಯಯನಗಳೂ ನಿಂತವು. ಎರಡು ಡೋಸು ಸಾಕೇ, ಮೂರು ಬೇಕೇ ಎಂದು ನೋಡುತ್ತಿದ್ದ ಇನ್ನೊಂದು ಪ್ರಯೋಗವೂ ಅರ್ಧದಲ್ಲಿ ನಿಂತು, ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ಉಳಿದರು. ಸಂಶೋಧಕರು ಅವರನ್ನು ಬಿಡದೆ ವರ್ಷಗಟ್ಟಲೆ ಗಮನಿಸಿದರು, ಒಂದು ಡೋಸೂ ಬಲವಾದ ರಕ್ಷಣೆ ಕೊಡುತ್ತಿರುವುದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದೇ ಡೋಸಿಗೂ ಮನ್ನಣೆ ಕೊಡುವಾಗ ಆಧಾರವಾದ ಪುರಾವೆಗಳಲ್ಲಿ ಭಾರತದ ಆ ಹುಡುಗಿಯರ ಮಾಹಿತಿಯೂ ಇತ್ತು. ಗರ್ಭಕೊರಳಿನ ಕ್ಯಾನ್ಸರ್‌ನಿಂದ ಹೆಚ್ಚು ಸಾಯುವುದು ಬಡ ಹೆಂಗಸರೇ ಆದ್ದರಿಂದ, ಲಸಿಕೆಯ ಖರ್ಚು ಮೂರನೇ ಒಂದಕ್ಕೆ ಇಳಿದದ್ದು ಸಣ್ಣ ಮಾತಲ್ಲ.

ಚೀಟಿ ಎತ್ತಿ ಮಗುವಿನ ಚಿಕಿತ್ಸೆ ನಿರ್ಧರಿಸುವುದು ಕ್ರೂರವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಎರಡರಲ್ಲಿ ಯಾವುದು ಮೇಲು ಎಂದು ವೈದ್ಯರಿಗೆ ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಕ್ರೂರವೇ, ಅಪರಾಧವೇ. ತಿಳಿದವರಲ್ಲೇ ಪ್ರಾಮಾಣಿಕ ಅನುಮಾನ ಇರುವಲ್ಲಿ ಮಾತ್ರ ಇಂಥ ಪ್ರಯೋಗಕ್ಕೆ ಅವಕಾಶ. ಏನೂ ಇಲ್ಲದ ಹುಸಿ ಮದ್ದನ್ನು ಒಂದು ಗುಂಪಿಗೆ ಕೊಡುವುದು ಇದಕ್ಕಿಂತ ಸೂಕ್ಷ್ಮ. ರೋಟಾವೈರಸ್ ಭೇದಿಗೆ ಭಾರತದ ರೋಟಾವ್ಯಾಕ್ ಲಸಿಕೆ ಬಂದದ್ದು ದೆಹಲಿಯ ನವಜಾತ ಶಿಶುಗಳಲ್ಲಿ ಕಂಡ ವೈರಸ್ ತಳಿಯಿಂದ. ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕ ಇನ್ನೊಂದು ತಳಿಯೂ ಆರಂಭದಲ್ಲಿ ಸ್ಪರ್ಧೆಯಲ್ಲಿತ್ತು, ಸಣ್ಣ ಪ್ರಯೋಗದಲ್ಲಿ ದೆಹಲಿಯದು ಮೇಲೆನಿಸಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ನಡೆದ ಅಂತಿಮ ಪ್ರಯೋಗದಲ್ಲಿ ಮೂರರಲ್ಲಿ ಒಂದು ಪಾಲಿಗೆ ಹುಸಿ ಹನಿ ಕೊಟ್ಟರು. ವಿದೇಶದ ಲಸಿಕೆ ಮಾರುಕಟ್ಟೆಯಲ್ಲಿ ಇರುವಾಗ ಇದು ಸರಿಯೇ ಎಂದು ಕೇಳಿದವರ ಮಾತಿನಲ್ಲಿ ತೂಕವಿತ್ತು. ಆ ಲಸಿಕೆ ಆಗ ಸರಕಾರಿ ಕಾರ್ಯಕ್ರಮದಲ್ಲಿ ಇರಲಿಲ್ಲ, ನಮ್ಮ ಶಿಶುಗಳಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದೂ ತಿಳಿದಿರಲಿಲ್ಲ, ಎಲ್ಲ ಶಿಶುಗಳಿಗೂ ಭೇದಿಯಾದಾಗ ಆರೈಕೆಯ ವ್ಯವಸ್ಥೆಯಿತ್ತು ಎಂಬುದು ಸಂಶೋಧಕರ ಉತ್ತರ. ನನಗೆ ಅದು ಒಪ್ಪಿಗೆಯಾಗುತ್ತದೆ, ಆದರೆ ಅಂದಿನ ಮಟ್ಟಿಗೆ. ಪಾಸಾದ ಲಸಿಕೆ ಕೈಯಲ್ಲಿರುವ ಇಂದು ಹುಸಿ ಹನಿಗೆ ಸಮರ್ಥನೆ ಹುಡುಕುವುದು ಕಷ್ಟ. ರೋಟಾವೈರಸ್‌ನಿಂದ ಬರುವ ತೀವ್ರ ಭೇದಿಯನ್ನು ಮೊದಲ ವರ್ಷ ಶೇ 56ರಷ್ಟು ತಡೆದ ರೋಟಾವ್ಯಾಕ್ 2016ರಿಂದ ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ, ಬಡವರ ಮಕ್ಕಳೇ ಏಕೆ ಎಂಬುದು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಿಗೆ ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬಂದೀತು? ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಆದರೆ ಯಾರ ಪ್ರಶ್ನೆಗೆ ಉತ್ತರ ಹುಡುಕಲಾಗುತ್ತಿದೆ ಎಂದು ನೋಡಿದರೆ ನ್ಯಾಯ ಅನ್ಯಾಯದ ಗೆರೆ ಸ್ವಲ್ಪ ಸ್ಪಷ್ಟವಾಗುತ್ತದೆ. ಉಗಾಂಡ, ಜಾಂಬಿಯಾ, ದಕ್ಷಿಣ ಆಫ್ರಿಕಾ ಮತ್ತು ಭಾರತದ 1,204 ಮಕ್ಕಳು ಭಾಗವಹಿಸಿದ ಶೈನ್ ಪ್ರಯೋಗ, ತೀವ್ರವಲ್ಲದ ಕ್ಷಯಕ್ಕೆ ಆರು ತಿಂಗಳ ಬದಲು ನಾಲ್ಕು ತಿಂಗಳ ಚಿಕಿತ್ಸೆಯೇ ಸಾಕು ಎಂದು 2022ರಲ್ಲಿ ತೋರಿಸಿತು. ಅದರ ಫಲ ಸೇರುವುದು ಅದೇ ಓಣಿಯ ಮಕ್ಕಳಿಗೆ. ಶ್ರೀಮಂತ ದೇಶದ ಮಾರುಕಟ್ಟೆಗಾಗಿ ತಯಾರಾಗುವ, ಇಲ್ಲಿನ ಮಕ್ಕಳ ಕೈಗೆ ಎಂದೂ ಎಟುಕದ ಔಷಧಕ್ಕೆ ಇಲ್ಲಿನ ಮಕ್ಕಳನ್ನು ಬಳಸುವುದನ್ನು ನೈತಿಕ ಸಮಿತಿಗಳು ಬಾಗಿಲಲ್ಲೇ ತಡೆಯಬೇಕು.

ಭಾರತದಲ್ಲಿ ಈಗ ಔಷಧ ಪ್ರಯೋಗಗಳಿಗೆ 2019ರ ನಿಯಮಗಳು ಜಾರಿಯಲ್ಲಿವೆ. ಸಾಮಾನ್ಯವಾಗಿ ಔಷಧ ಮೊದಲು ದೊಡ್ಡವರಲ್ಲಿ, ಆಮೇಲೆ ದೊಡ್ಡ ಮಕ್ಕಳಲ್ಲಿ, ಕೊನೆಗೆ ಶಿಶುಗಳಲ್ಲಿ ಪರೀಕ್ಷೆಯಾಗುತ್ತದೆ. ಮಕ್ಕಳಿಗಷ್ಟೇ ಬರುವ ಕಾಯಿಲೆಗಳಲ್ಲಿ ಮಾತ್ರ ಈ ಕ್ರಮ ಬೇರೆ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಕೊಡಬೇಕು, ಚಿಕಿತ್ಸೆ ಉಚಿತ, ಪ್ರಯೋಗದಿಂದಲೇ ಹಾನಿಯಾಗಿದ್ದರೆ ಪರಿಹಾರ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ 7 ವರ್ಷ ತುಂಬಿದ ಮಗುವಿನ ಬಾಯಿಮಾತಿನ ಸಮ್ಮತಿಯೂ, ಹದಿಹರೆಯದವರ ಬರವಣಿಗೆಯ ಸಮ್ಮತಿಯೂ ಬೇಕು. ರಕ್ತ ತೆಗೆಯುವುದಕ್ಕೂ ಮಿತಿ ಇದೆ. 3 ಕಿಲೋ ಶಿಶುವಿನ ಮೈಯಲ್ಲಿರುವುದೇ ಸುಮಾರು 250 ಮಿಲಿ ರಕ್ತ; ಯುರೋಪಿನ ಮಾರ್ಗಸೂಚಿಯಂತೆ ಒಂದು ಸಲಕ್ಕೆ ಅದರ ಶೇ 1ಕ್ಕಿಂತ, ಅಂದರೆ ಅರ್ಧ ಟೀ ಚಮಚಕ್ಕಿಂತ, ಹೆಚ್ಚು ತೆಗೆಯುವಂತಿಲ್ಲ. ಕಾಗದದ ಮೇಲಿನ ಈ ನಿಯಮಗಳು ವಾರ್ಡಿನಲ್ಲಿ ಉಸಿರಾಡಬೇಕಾದರೆ ಒಪ್ಪಿಗೆ ಪತ್ರ ಓದಿಸುವ ಕೆಲಸಕ್ಕೆ ಹೊತ್ತು ಕೊಡಬೇಕು. ಅಮೆರಿಕದ ಸಪೋರ್ಟ್ ಅಧ್ಯಯನದ ಒಪ್ಪಿಗೆ ಪತ್ರಗಳೇ ಸಾವಿನ ಮತ್ತು ಕುರುಡುತನದ ಅಪಾಯವನ್ನು ಸರಿಯಾಗಿ ತಿಳಿಸಿರಲಿಲ್ಲ ಎಂದು ಅಲ್ಲಿನ ಸರಕಾರಿ ಕಚೇರಿ 2013ರಲ್ಲಿ ಆಕ್ಷೇಪಿಸಿತ್ತು. ಅಂಥದ್ದರಲ್ಲಿ ನಮ್ಮಲ್ಲಿ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಹತ್ತಾರು ಪುಟಗಳನ್ನು ಬೆವರುತ್ತಿರುವ ತಂದೆಯ ಕೈಗಿಟ್ಟು ಇಲ್ಲಿ ಸಹಿ ಹಾಕಿ ಎನ್ನುವುದನ್ನು ಒಪ್ಪಿಗೆ ಎಂದು ಕರೆಯಲಾಗದು.

ಹಾಗಾಗಿ ತಂದೆತಾಯಿ ಸಂಕೋಚವಿಲ್ಲದೆ ಕೇಳಬೇಕು. ಈ ಪ್ರಯೋಗಕ್ಕೆ ಸೇರದಿದ್ದರೆ ನನ್ನ ಮಗುವಿಗೆ ಯಾವ ಚಿಕಿತ್ಸೆ ಸಿಗುತ್ತದೆ? ನಿಮಗೆ ಇನ್ನೂ ಗೊತ್ತಿಲ್ಲದ್ದು ಏನು? ಹೆಚ್ಚುವರಿ ಸೂಜಿ, ಹೆಚ್ಚುವರಿ ಓಡಾಟ ಎಷ್ಟು, ಬಸ್ ಖರ್ಚು, ದಿನಗೂಲಿ ಯಾರು ಕೊಡುತ್ತಾರೆ? ರಾತ್ರಿ ಹನ್ನೆರಡಕ್ಕೆ ಮಗುವಿಗೆ ಹೆಚ್ಚುಕಡಿಮೆಯಾದರೆ ಯಾರ ಫೋನಿಗೆ ಕರೆ ಮಾಡಬೇಕು? ನೋಂದಣಿ ಸಂಖ್ಯೆಯನ್ನೂ ಕೇಳಬಹುದು. 2009ರ ಜೂನ್‌ನಿಂದ ದೇಶದ ಔಷಧ ಪ್ರಯೋಗಗಳೆಲ್ಲ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ಮುಂಚಿತವಾಗಿಯೇ ನೋಂದಣಿಯಾಗಬೇಕು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಒಪ್ಪಿ ಸೇರಿದ ಮೇಲೂ, ಕಾರಣ ಹೇಳದೆ, ಯಾವ ದಿನ ಬೇಕಾದರೂ ಹೊರಬರಬಹುದು. ಹಾಗೆ ಬಂದರೆ ಮಗುವಿಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆಯಲ್ಲಿ ಒಂದು ಹನಿಯೂ ಕಡಿಮೆಯಾಗುವಂತಿಲ್ಲ. ಪ್ರಯೋಗ ಮುಗಿದ ಮೇಲೆ ಫಲಿತಾಂಶ ಏನಾಯಿತು ಎಂದು ಆ ಮನೆಗೆ ಅವರ ಭಾಷೆಯಲ್ಲೇ ಒಂದು ಪತ್ರ ಹೋಗುವ ವ್ಯವಸ್ಥೆ ಆಗಬೇಕು, ಆ ಮಗು ಬದುಕಿರಲಿ, ಬದುಕದೇ ಇರಲಿ.